11 ನಿಮಿಷ, 16 ತಾಸು: ಸೈಬರ್ ವಂಚನೆಗೆ ಒಳಗಾದವರ ‘ಮನಸ್ಸಿನ ಹಿಡಿತ’ ಕುರಿತು ಒಂದು ಬಹಿರಂಗ ಪತ್ರ

ಹುಬ್ಬಳ್ಳಿ–ಧಾರವಾಡ ಮಹಾನಗರದ ಪೊಲೀಸ್ ಆಯುಕ್ತರಿಗೆ, ಹಾಗೂ ಧಾರವಾಡ, ಗದಗ ಮತ್ತು ಹಾವೇರಿ ಜಿಲ್ಲೆಗಳ ಲೀಡ್ ಬ್ಯಾಂಕ್ ವ್ಯವಸ್ಥಾಪಕರಿಗೆ,

ಮಾನ್ಯರೇ,

ಕಳೆದ ತಿಂಗಳು ಧಾರವಾಡದ ಒಂದು ಸಭಾಭವನದಲ್ಲಿ ಹಿರಿಯ ನಾಗರಿಕರಿಗಾಗಿ ಸೈಬರ್ ಅಪರಾಧದ ಬಗ್ಗೆ ತಿಳಿವಳಿಕೆ ಕೊಡುವ ಸಭೆಯೊಂದು ನಡೆಯಿತು. ಮಾತನಾಡಿದವರು ಒಳ್ಳೆಯ ಮನಸ್ಸಿನವರು, ವಿಷಯವನ್ನೂ ಬಲ್ಲವರು. ಒಂದು ತಾಸಿನ ಮಾತಿನಲ್ಲಿ ಅವರು ಮೂರು ಸಲ ಹೇಳಿದ ಮಾತೊಂದಿತ್ತು: “ಆಶಾ ಬಿಡ್ರಿ, ಮನಸ್ಸು ಹಿಡಿತದಾಗ ಇಟ್ಕೊಳ್ರಿ, ಯಾವ ಕಳ್ಳನೂ ನಿಮ್ಮ ರೊಕ್ಕಾ ಮುಟ್ಟೂದಿಲ್ಲ.” ಸಭೆ ಚಪ್ಪಾಳೆ ತಟ್ಟಿತು, ನಾನೂ ತಟ್ಟಿದೆ. ಅದಕ್ಕೂ ಹತ್ತು ತಿಂಗಳ ಹಿಂದೆ ನಾನು ಇಂಥದೇ ವಂಚನೆಯೊಂದರಲ್ಲಿ 48,600 ರೂಪಾಯಿ ಕಳೆದುಕೊಂಡವನು ಎಂಬುದು ಆ ಸಭೆಯಲ್ಲಿ ನನ್ನ ಹೆಂಡತಿಗೆ ಮಾತ್ರ ಗೊತ್ತಿತ್ತು. ಅವಳು ಚಪ್ಪಾಳೆ ತಟ್ಟಲಿಲ್ಲ. ಮನೆಗೆ ಬಂದ ಮೇಲೆ ಈ ಪತ್ರ ಬರೆಯಿರಿ ಎಂದು ಹಟ ಹಿಡಿದವಳೂ ಅವಳೇ.

ನಾನು 34 ವರ್ಷ ಬ್ಯಾಂಕಿನಲ್ಲಿ ದುಡಿದವನು. ಬೆಟಗೇರಿಯಲ್ಲಿ ಕ್ಯಾಷಿಯರ್ ಆಗಿ ಸೇರಿ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರಸ್ಥರ ಚೆಕ್ಕುಗಳ ನಡುವೆ ಆರು ವರ್ಷ ಕಳೆದು, ಹುಬ್ಬಳ್ಳಿಯ ಶಾಖೆಯೊಂದರಲ್ಲಿ ಅಧಿಕಾರಿಯಾಗಿ ನಿವೃತ್ತನಾದೆ. ಓಟಿಪಿಯನ್ನು ಯಾರಿಗೂ ಹೇಳಬೇಡಿ ಎಂಬ ಫಲಕವನ್ನು ಶಾಖೆಯ ಗೋಡೆಗೆ ಅಂಟಿಸಿದ ಕೈ ನನ್ನದೇ. ಹಣ ಪಡೆಯುವುದಕ್ಕೆ ಯುಪಿಐ ಪಿನ್ ಒತ್ತುವ ಅಗತ್ಯವೇ ಇಲ್ಲವೆಂದು ಎಷ್ಟು ಗ್ರಾಹಕರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಇಷ್ಟೆಲ್ಲ ಗೊತ್ತಿದ್ದವನು ಜೂನ್ ತಿಂಗಳ ಒಂದು ಸಂಜೆ ಮೋಸಹೋದೆ.

ಆ ದಿನ ಮಳೆಗೆ ಎರಡು ಸಲ ಕರೆಂಟು ಹೋಗಿ ಬಂದಿತ್ತು. ಬೀಗರ ಮನೆಯಲ್ಲೊಬ್ಬರು ಆಸ್ಪತ್ರೆಗೆ ಸೇರಿದ್ದರು; ಮಗಳು ಅಳುತ್ತ ಫೋನ್ ಇಟ್ಟ ಹತ್ತೇ ನಿಮಿಷಕ್ಕೆ, 7.40ರ ಸುಮಾರಿಗೆ, ಕಳೆದ ತಿಂಗಳ ಬಿಲ್ಲು ದಾಖಲಾಗಿಲ್ಲವಾದ್ದರಿಂದ ರಾತ್ರಿ 9.30ಕ್ಕೆ ನಿಮ್ಮ ಮನೆಯ ವಿದ್ಯುತ್ತನ್ನು ಕಡಿತಗೊಳಿಸಲಾಗುವುದು ಎಂಬ ಸಂದೇಶ ಬಂತು. ಹೆಂಡತಿಯ ಇನ್ಸುಲಿನ್ ಫ್ರಿಜ್‌ನಲ್ಲಿತ್ತು. ಬಿಲ್ಲು ತುಂಬಿದ ನೆನಪು ನನಗಿತ್ತು, ರಸೀದಿ ಎಲ್ಲಿದೆಯೆಂದು ನೆನಪಿರಲಿಲ್ಲ. ಸಂದೇಶದಲ್ಲಿದ್ದ ನಂಬರಿಗೆ ಕರೆ ಮಾಡಿದೆ. ಆಚೆ ಬದಿಯವನು ಬಹಳ ಮರ್ಯಾದೆಯಿಂದ ಮಾತನಾಡಿ, ಒಂದು ಆ್ಯಪ್ ಹಾಕಿಕೊಂಡು ಹತ್ತು ರೂಪಾಯಿ ತುಂಬಿದರೆ ಬಿಲ್ಲು ದಾಖಲಾಗುತ್ತದೆ ಎಂದ. ಅದು ನನ್ನ ಫೋನಿನ ಪರದೆಯನ್ನು ಅವನಿಗೆ ತೋರಿಸುವ ಆ್ಯಪ್. ಮೊದಲ ಕರೆಯಿಂದ ಕೊನೆಯ ಹಣ ಹೋಗುವವರೆಗೆ 11 ನಿಮಿಷ. ಆಮೇಲೆ ಕರೆಯ ದಾಖಲೆಯನ್ನೂ ಬ್ಯಾಂಕಿನ ಸಂದೇಶಗಳನ್ನೂ ಜೋಡಿಸಿ ನಾನೇ ಲೆಕ್ಕ ಹಾಕಿದ್ದೇನೆ.

ತಮ್ಮ ಗಮನಕ್ಕೆ ತರಬೇಕಾದದ್ದು ಆ 11 ನಿಮಿಷಕ್ಕಿಂತ ಅದರ ನಂತರದ ಹೊತ್ತು. ಸೈಬರ್ ವಂಚನೆಯ ದೂರು ಕೊಡುವ 1930 ಸಹಾಯವಾಣಿ ನನಗೆ ಗೊತ್ತಿತ್ತು. ಕರೆ ಬೇಗ ಹೋದಷ್ಟೂ ಹಣವನ್ನು ಮುಂದಿನ ಖಾತೆಯಲ್ಲೋ ಅದರ ಮುಂದಿನ ಖಾತೆಯಲ್ಲೋ ತಡೆಹಿಡಿಯುವ ಸಾಧ್ಯತೆ ಹೆಚ್ಚು, ಎಟಿಎಮ್ಮಿನಿಂದ ನೋಟಾಗಿ ಹೊರಬಿದ್ದ ಮೇಲೆ ಹಿಂದಕ್ಕೆ ಬರುವುದು ಕಷ್ಟ ಎಂಬುದೂ ಗೊತ್ತಿತ್ತು. ಆದರೂ ನಾನು ಕರೆ ಮಾಡಿದ್ದು ಮರುದಿನ ಮಧ್ಯಾಹ್ನ, 16 ತಾಸು ಕಳೆದ ಮೇಲೆ. ಅಷ್ಟು ಹೊತ್ತು ಏನು ಮಾಡುತ್ತಿದ್ದೆ ಎಂದರೆ, ಮಗನಿಗೆ ಹೇಗೆ ಹೇಳುವುದು, ಹಳೆಯ ಸಹೋದ್ಯೋಗಿಗಳಿಗೆ ತಿಳಿದರೆ ಏನು ಗತಿ ಎಂದು ಕತ್ತಲಲ್ಲಿ ಕೂತು ಯೋಚಿಸುತ್ತಿದ್ದೆ. ಕೊನೆಗೆ ಬ್ಯಾಂಕಿನ ಕೌಂಟರಿನಲ್ಲಿ ಕೇಳಿದ ಮೊದಲ ಮಾತು ನಾನು ಹೆದರಿದ್ದ ಮಾತೇ ಆಗಿತ್ತು: “ನಿಮ್ಮಂಥೋರಽ ಹಿಂಗ ಮಾಡಿದ್ರ ಹೆಂಗ್ರೀ ಸರ?” ಆ ಹೊತ್ತಿಗೆ ಹಣ ಬೇರೆ ರಾಜ್ಯದ ಎರಡು ಊರುಗಳ ಎಟಿಎಮ್ಮುಗಳಿಂದ ಹೊರಗೆ ಹೋಗಿಯಾಗಿತ್ತು.

ಸಂಯಮಕ್ಕೂ ಸೈಬರ್ ವಂಚನೆಗೆ ಬಲಿಯಾಗುವುದಕ್ಕೂ ಸಂಬಂಧವೇ ಇಲ್ಲವೆಂದು ನಾನು ವಾದಿಸುತ್ತಿಲ್ಲ. ಸಂಬಂಧ ಇದೆ, ಅದನ್ನು ಅಪರಾಧಶಾಸ್ತ್ರದ ವಿದ್ವಾಂಸರು ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ಅಳೆಯುತ್ತಲೂ ಬಂದಿದ್ದಾರೆ. ನಮ್ಮ ಓಣಿಯ ಹುಡುಗಿಯೊಬ್ಬಳು ಅಪರಾಧಶಾಸ್ತ್ರ ಓದುತ್ತಿದ್ದಾಳೆ. ಅವಳು ತಂದುಕೊಟ್ಟ ಲೇಖನಗಳನ್ನು ಚಳಿಗಾಲವೆಲ್ಲ ಕೂತು ಓದಿದೆ. ನಿವೃತ್ತ ಮನುಷ್ಯನಿಗೆ ನಾಚಿಕೆಯನ್ನು ಕಳೆಯಲು ಅದಕ್ಕಿಂತ ಒಳ್ಳೆಯ ದಾರಿ ಕಾಣಲಿಲ್ಲ. 1990ರಲ್ಲಿ ಅಮೆರಿಕದ ಮೈಕೆಲ್ ಗಾಟ್‌ಫ್ರೆಡ್ಸನ್ ಮತ್ತು ಟ್ರಾವಿಸ್ ಹರ್ಷಿ ಎಂಬ ಇಬ್ಬರು, ಅಪರಾಧ ಮಾಡುವವರಲ್ಲಿ ಸಾಮಾನ್ಯವಾಗಿ ಕಾಣುವುದು ಸಂಯಮದ ಕೊರತೆ ಎಂಬ ಸಿದ್ಧಾಂತವನ್ನು ಮಂಡಿಸಿದರು: ತಕ್ಷಣದ ಲಾಭಕ್ಕೆ ಮನಸೋಲುವುದು, ಮುಂದಿನದನ್ನು ಯೋಚಿಸದಿರುವುದು, ಅಪಾಯವನ್ನು ಇಷ್ಟಪಡುವುದು, ಬೇಗ ಸಿಟ್ಟಿಗೇಳುವುದು. 1999ರಲ್ಲಿ ಕ್ರಿಸ್ಟೋಫರ್ ಶ್ರೆಕ್ ಎಂಬುವವರು ಅದನ್ನು ತಿರುವಿ ಹಾಕಿ, ಇದೇ ಗುಣಗಳು ಮನುಷ್ಯನನ್ನು ಅಪರಾಧದ ಬಲಿಯನ್ನಾಗಿಯೂ ಮಾಡಬಲ್ಲವು ಎಂದು ತೋರಿಸಲು ಹೊರಟರು. 2014ರಲ್ಲಿ ಟ್ರಾವಿಸ್ ಪ್ರ್ಯಾಟ್ ಮತ್ತು ಸಂಗಡಿಗರು ಆವರೆಗಿನ 66 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಲೆಕ್ಕ ಮಾಡಿದಾಗ ಸಂಬಂಧ ಇರುವುದು ನಿಜ, ಅದು ಸಾಧಾರಣ ಪ್ರಮಾಣದ್ದು, ಹೊಡೆತ ಬಡಿತದಂಥ ಮುಖಾಮುಖಿ ಅಪರಾಧಗಳಿಗಿಂತ ದೂರದಿಂದ ನಡೆಯುವ ಮೋಸದಲ್ಲಿ ಹೆಚ್ಚು ಎಂಬ ಫಲಿತಾಂಶ ಬಂತು. ಆದ್ದರಿಂದ ಆ ಸಭೆಯ ಭಾಷಣಕಾರರು ಸುಳ್ಳು ಹೇಳಲಿಲ್ಲ. ಆದರೆ ‘ಸಾಧಾರಣ ಪ್ರಮಾಣದ್ದು’ ಎಂಬ ಮಾತು ಅವರ ಭಾಷಣದಲ್ಲಿ ಇರಲಿಲ್ಲ.

ಇದೇ ಲೇಖನಗಳಲ್ಲಿ ನನಗೆ ಬಹಳ ಉಪಯುಕ್ತವೆನಿಸಿದ್ದು 2008ರ ಒಂದು ಅಧ್ಯಯನ. ಫ್ಲೋರಿಡಾ ರಾಜ್ಯದ ವಯಸ್ಕರನ್ನು ಕುರಿತದ್ದು. ಅದನ್ನು ಮಾಡಿದವರು ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಿದರು: ವಂಚಕನು ಯಾರ ಬಾಗಿಲು ತಟ್ಟುತ್ತಾನೆ? ತಟ್ಟಿದಾಗ ಯಾರು ಬಾಗಿಲು ತೆರೆಯುತ್ತಾರೆ? ಮೊದಲನೆಯದಕ್ಕೂ ಸಂಯಮಕ್ಕೂ ನಂಟು ಕಾಣಲಿಲ್ಲ. ದೂರದಿಂದ ಸಾಮಾನು ಕೊಳ್ಳುವಂಥ ದಿನನಿತ್ಯದ ರೂಢಿಗಳು ಅದನ್ನು ನಿರ್ಧರಿಸುತ್ತಿದ್ದವು. ಸಂಯಮದ ಪಾತ್ರ ಎರಡನೆಯ ಪ್ರಶ್ನೆಯಲ್ಲಿ ಕಂಡಿತು. ಅಂದರೆ ನಾವು ಇಷ್ಟೊಂದು ದೊಡ್ಡದಾಗಿ ಮಾತನಾಡುವ ಈ ಗುಣಕ್ಕೆ ಕೆಲಸವಿರುವುದು ಕರೆ ಬಂದ ಗಳಿಗೆಗೂ ಬೆರಳು ಒತ್ತುವ ಗಳಿಗೆಗೂ ನಡುವಿನ ಇಕ್ಕಟ್ಟಾದ ಜಾಗದಲ್ಲಿ. ಆ ಜಾಗವನ್ನು ಇನ್ನಷ್ಟು ಇಕ್ಕಟ್ಟು ಮಾಡುವುದೇ ವಂಚಕನ ಕಸುಬು. ‘ಇಂದು ರಾತ್ರಿ 9.30’ ಎಂಬ ಗಡುವು ನನ್ನ ಸಂದೇಶದಲ್ಲಿ ಇದ್ದದ್ದು ಅದಕ್ಕಾಗಿಯೇ.

ಇನ್ನೊಂದು ಲೆಕ್ಕವನ್ನೂ ನೋಡಬೇಕು. ಸಂಸತ್ತಿಗೆ ಕೇಂದ್ರ ಗೃಹ ಸಚಿವಾಲಯ ಕೊಟ್ಟ ಉತ್ತರದ ಪ್ರಕಾರ, ಸೈಬರ್ ವಂಚನೆಯಲ್ಲಿ ದೇಶದ ಜನ ಕಳೆದುಕೊಂಡ ಹಣ 2023ರಲ್ಲಿ 7,465 ಕೋಟಿ ರೂಪಾಯಿ, 2024ರಲ್ಲಿ 22,845 ಕೋಟಿ ರೂಪಾಯಿ. ಹನ್ನೆರಡು ತಿಂಗಳಲ್ಲಿ ಮೂರು ಪಟ್ಟು. ಬಲಿಯಾಗುವುದಕ್ಕೆ ಮುಖ್ಯ ಕಾರಣ ಜನರ ಆಸೆಯೇ ಆಗಿದ್ದರೆ, ಒಂದೇ ವರ್ಷದಲ್ಲಿ ಭಾರತೀಯರ ಆಸೆ ಮೂರು ಪಟ್ಟು ಬೆಳೆಯಿತೆಂದು ನಂಬಬೇಕಾಗುತ್ತದೆ. ಬೆಳೆದದ್ದು ಕದ್ದ ಹಣ ಸಾಗಿಸಲು ಬೇರೆಯವರಿಂದ ಪಡೆದ ಬಾಡಿಗೆ ಖಾತೆಗಳ ಜಾಲ, ನಕಲಿ ಆ್ಯಪ್‌ಗಳ ಸಂತೆ, ವಂಚಕರ ಕೈಗೆ ಸಿಕ್ಕ ನಮ್ಮ ಹೆಸರು ವಿಳಾಸಗಳ ಪಟ್ಟಿ.

ಕೆಲವು ಪ್ರಕರಣಗಳಲ್ಲಂತೂ ಸಂಯಮದ ಮಾತೇ ಅಪ್ರಸ್ತುತ. 2023ರಲ್ಲಿ ನಮ್ಮ ರಾಜ್ಯದಲ್ಲೇ ಆಸ್ತಿ ನೋಂದಣಿ ದಾಖಲೆಗಳಲ್ಲಿದ್ದ ಬೆರಳಚ್ಚುಗಳನ್ನು ನಕಲು ಮಾಡಿ, ಬೆರಳಚ್ಚು ಒತ್ತಿ ಹಣ ತೆಗೆಯುವ ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಜನರ ಖಾತೆಗಳಿಂದ ಹಣ ತೆಗೆದ ಪ್ರಕರಣಗಳು ಹೊರಬಂದವು. ಆ ಜನ ಯಾವ ಕರೆಯನ್ನೂ ಎತ್ತಿರಲಿಲ್ಲ, ಯಾವ ಲಿಂಕನ್ನೂ ಒತ್ತಿರಲಿಲ್ಲ. ಹೊಲದ ಖರೀದಿ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ್ದಷ್ಟೇ ಅವರು ಮಾಡಿದ ಕೆಲಸ. ಅವರನ್ನು ಕೂರಿಸಿಕೊಂಡು ಮನಸ್ಸಿನ ಹಿಡಿತದ ಪಾಠ ಹೇಳುವುದು ಅವಮಾನ.

ಮಾನ್ಯರೇ, ಪೊಲೀಸರ ಸೋಗಿನಲ್ಲಿ ವಿಡಿಯೊ ಕರೆ ಮಾಡಿ, ನಿಮ್ಮನ್ನು ಬಂಧಿಸಿದ್ದೇವೆಂದು ಹೆದರಿಸಿ ಹಣ ಕೀಳುವ ‘ಡಿಜಿಟಲ್ ಅರೆಸ್ಟ್’ ಎಂಬ ವಂಚನೆಯ ಬಗ್ಗೆ ನಾನು ಸ್ವಲ್ಪ ಹೆಚ್ಚು ಹೇಳಬೇಕಾಗಿದೆ, ಏಕೆಂದರೆ ಅಲ್ಲಿ ಈ ಸಂಯಮದ ಸಿದ್ಧಾಂತ ತಲೆಕೆಳಗಾಗುತ್ತದೆ. 2024ರ ಅಕ್ಟೋಬರ್ 27ರಂದು ಪ್ರಧಾನಿ ನರೇಂದ್ರ ಮೋದಿಯವರು ಬಾನುಲಿಯಲ್ಲಿ ಇದರ ಬಗ್ಗೆ ಮಾತನಾಡುತ್ತ, ನಮ್ಮ ವಿಜಯಪುರದವರೊಬ್ಬರು ಮತ್ತು ವಂಚಕನ ನಡುವಿನ ಸಂಭಾಷಣೆಯನ್ನು ದೇಶಕ್ಕೆಲ್ಲ ಕೇಳಿಸಿದ್ದು ತಮಗೆ ನೆನಪಿರಬಹುದು. ನಿಲ್ಲಿ, ಯೋಚಿಸಿ, ಕ್ರಮ ಕೈಗೊಳ್ಳಿ ಎಂದು ಅವರು ಹೇಳಿದರು. ಆ ವಂಚನೆಯಲ್ಲಿ ಸಿಕ್ಕಿಕೊಳ್ಳುವವರು ಯಾರೆಂದು ನೋಡಿ: ನಿವೃತ್ತ ಪ್ರಾಧ್ಯಾಪಕರು, ವೈದ್ಯರು, ಎಂಜಿನಿಯರುಗಳು; ಜೀವಮಾನವೆಲ್ಲ ತೆರಿಗೆ ತಪ್ಪಿಸದೆ ಕಟ್ಟಿದವರು, ಸಾಹೇಬರ ಎದುರು ದನಿ ಎತ್ತದವರು, ಮಕ್ಕಳಿಗೆ ತೊಂದರೆಯಾದೀತೆಂದು ತಮ್ಮ ಜ್ವರವನ್ನೂ ಹೇಳಿಕೊಳ್ಳದವರು. ಕ್ಯಾಮೆರಾದ ಮುಂದಿನಿಂದ ಏಳಬೇಡಿ ಎಂದರೆ ಅವರು ಎರಡು ದಿನ ಏಳುವುದಿಲ್ಲ. ಯಾರಿಗೂ ಹೇಳಬೇಡಿ ಎಂದರೆ ಪಕ್ಕದ ಕೋಣೆಯಲ್ಲಿರುವ ಹೆಂಡತಿಗೂ ಹೇಳುವುದಿಲ್ಲ. ಇದಕ್ಕೆ ಸಂಯಮದ ಕೊರತೆ ಎನ್ನುವುದು ಹೇಗೆ? ನಮ್ಮ ಶಾಲೆಗಳು, ಮನೆಗಳು, ಕಚೇರಿಗಳು ಅರವತ್ತು ವರ್ಷ ಅವರಿಗೆ ಕಲಿಸಿದ ಶಿಸ್ತು, ವಿಧೇಯತೆ, ತಾಳ್ಮೆಗಳೇ ವಂಚಕನ ಕೈಗೆ ಹಿಡಿಕೆಯಾಗಿ ಸಿಕ್ಕಿವೆ.

ಇಂಥವರಿಗೆ ಮನಸ್ಸನ್ನು ಬಿಗಿಹಿಡಿಯಿರಿ ಎಂದು ಹೇಳಿದರೆ ಅವರು ಇನ್ನಷ್ಟು ಬಿಗಿಯಾಗಿ ಕುರ್ಚಿಯಲ್ಲಿ ಕೂರುತ್ತಾರೆ. ಅವರಿಗೆ ಕಲಿಸಬೇಕಾದದ್ದು ಅವಿಧೇಯತೆ. ಕಾನೂನಿನ ಆಧಾರ ಕೊಟ್ಟು ಕಲಿಸಬೇಕು, ಏಕೆಂದರೆ ಕಾನೂನಿಗೆ ಮಾತ್ರ ಅವರು ಬಾಗುತ್ತಾರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 48ನೆಯ ಕಲಮಿನ ಪ್ರಕಾರ, ಬಂಧಿಸಿದ ಅಧಿಕಾರಿಯು ಬಂಧಿತನ ಸಂಬಂಧಿಕರಿಗೋ ಸ್ನೇಹಿತರಿಗೋ ವಿಷಯ ತಿಳಿಸಲೇಬೇಕು. 24 ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂದು ಸಂವಿಧಾನದ 22ನೆಯ ವಿಧಿ ಹೇಳುತ್ತದೆ. ‘ಯಾರಿಗೂ ಹೇಳಬೇಡಿ’ ಎಂಬ ಮಾತು ಕಿವಿಗೆ ಬಿದ್ದ ಗಳಿಗೆಯಲ್ಲೇ ಆಚೆ ಇರುವವನು ಪೊಲೀಸನಲ್ಲ ಎಂದು ಗೊತ್ತಾಗಬೇಕು. ಈ ಒಂದು ಮಾತನ್ನು ಪೊಲೀಸ್ ಸಮವಸ್ತ್ರದಲ್ಲಿರುವವರೇ ಬಂದು ಹೇಳಿದರೆ ಹತ್ತು ಭಿತ್ತಿಪತ್ರಗಳಿಗಿಂತ ಹೆಚ್ಚು ಫಲ ಕೊಟ್ಟೀತು.

ಇನ್ನು ಸಪ್ತಾಪುರದ ಹುಡುಗರ ವಿಷಯ. ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಹತ್ತಾರು ಜಿಲ್ಲೆಗಳಿಂದ ಧಾರವಾಡಕ್ಕೆ ಬಂದು, ಒಂದು ಕೋಣೆಯಲ್ಲಿ ಮೂವರು ನಾಲ್ವರು ಇದ್ದು, ಬೆಳಿಗ್ಗೆ ಐದಕ್ಕೆ ಎದ್ದು ರಾತ್ರಿ ಹತ್ತರವರೆಗೆ ವಾಚನಾಲಯದ ಮೇಜು ಬಿಡದ ಈ ಹುಡುಗ ಹುಡುಗಿಯರಿಗಿಂತ ಹೆಚ್ಚು ಸಂಯಮಿಗಳನ್ನು ಈ ಊರಿನಲ್ಲಿ ನಾನು ಕಂಡಿಲ್ಲ. ಅವರಲ್ಲೊಬ್ಬ, ಹಾವೇರಿ ಜಿಲ್ಲೆಯ ರೈತನ ಮಗ, ಟೆಲಿಗ್ರಾಂ ಗುಂಪಿನಲ್ಲಿ ಬಂದ ‘ಮನೆಯಿಂದಲೇ ಕೆಲಸ’ದ ಬಲೆಗೆ ಬಿದ್ದ. ಮೊದಲು ಆನ್‌ಲೈನಿನಲ್ಲಿ ಹೋಟೆಲುಗಳಿಗೆ ನಕ್ಷತ್ರದ ರೇಟಿಂಗ್ ಕೊಟ್ಟದ್ದಕ್ಕೆ 150 ರೂಪಾಯಿ ಬಂತು. ಸಾವಿರ ಹಾಕಿದಾಗ 1,300 ಮರಳಿತು. ಐದು ಸಾವಿರ ಹಾಕಿದಾಗ ಲಾಭ ಪರದೆಯ ಮೇಲೆ ಕಂಡಿತು, ಕೈಗೆ ಬರಲಿಲ್ಲ. ಅದನ್ನು ಬಿಡಿಸಿಕೊಳ್ಳಲು ಇನ್ನೂ ಹತ್ತು ಹಾಕು ಎಂದರು. ಕೊನೆಗೆ ಊಟದ ಮೆಸ್ಸಿನ ಹಣ, ಕೋಚಿಂಗಿನ ಫೀಸು ಸೇರಿ 37,000 ರೂಪಾಯಿ ಹೋಯಿತು. ಅಧಿಸೂಚನೆಗಾಗಿ ಮೂರು ವರ್ಷ ಕಾಯುವಷ್ಟು ತಾಳ್ಮೆ ಇದ್ದವನು ಮೂರು ದಿನದಲ್ಲಿ ಇಷ್ಟನ್ನು ಕಳೆದುಕೊಂಡ. ಮೂರು ವರ್ಷ ಕಾದದ್ದರಿಂದಲೇ ಮನೆಯಿಂದ ಇನ್ನೊಂದು ರೂಪಾಯಿ ಕೇಳಲಾರದೆ ಅದರೊಳಗೆ ಇಳಿದೆ ಎಂದು ಅವನು ನನಗೆ ಹೇಳಿದ. ಎಲ್ಲಿಂದ ಆ ಗುಂಪು ಸೇರಿದೆ ಎಂದು ಕೇಳಿದರೆ, ಕೋಣೆಯ ಗೆಳೆಯ ಸೇರಿಸಿದ್ದ ಎಂದ. 2010ರಲ್ಲಿ ಆಡಂ ಬಾಸ್ಲರ್ ಮತ್ತು ಥಾಮಸ್ ಹೋಲ್ಟ್ ಅವರು ಕಾಲೇಜು ವಿದ್ಯಾರ್ಥಿಗಳ ಮೇಲೆ ಮಾಡಿದ ಅಧ್ಯಯನದಲ್ಲಿಯೂ, ಗೆಳೆಯರ ಆನ್‌ಲೈನ್ ನಡತೆಯನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಸಂಯಮದ ಪಾತ್ರ ಬಹುಮಟ್ಟಿಗೆ ಕುಗ್ಗಿತ್ತು.

ಸಂಯಮವನ್ನು ನಾವು ಎತ್ತರ ಅಥವಾ ಮೈಬಣ್ಣದ ಹಾಗೆ ಮನುಷ್ಯನಿಗೆ ಅಂಟಿದ ಗುಣವೆಂದು ಎಣಿಸುತ್ತೇವೆ. ಬ್ಯಾಡಗಿಯಲ್ಲಿ ಕಂಡದ್ದರಿಂದ ನನಗೆ ಅದರಲ್ಲಿ ಮೊದಲಿನಿಂದಲೂ ಸಂಶಯ. ಮೆಣಸಿನಕಾಯಿ ಮಾರಿ ಕೈಯಲ್ಲಿ ಹಣವಿದ್ದ ರೈತ ಸಾಲಪತ್ರದ ಒಂದೊಂದು ಸಾಲನ್ನೂ ಓದಿಸಿ ಕೇಳುತ್ತಿದ್ದ. ಬಿತ್ತನೆಯ ಹೊತ್ತಿಗೆ ಅದೇ ರೈತ ತೋರಿಸಿದ ಕಡೆ ಸಹಿ ಹಾಕಿ ಹೋಗುತ್ತಿದ್ದ. 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸಂಶೋಧಕರು ತಮಿಳುನಾಡಿನ ಕಬ್ಬು ಬೆಳೆಗಾರರಿಗೆ ಕಟಾವಿಗೆ ಮೊದಲು ಮತ್ತು ನಂತರ ಬುದ್ಧಿಪರೀಕ್ಷೆ ಕೊಟ್ಟರು. ಅದೇ ರೈತರು ಕೈ ಬರಿದಾಗಿದ್ದ ತಿಂಗಳಲ್ಲಿ ಕಡಿಮೆ ಅಂಕ ಪಡೆದರು. ಮನುಷ್ಯ ಬದಲಾಗಿರಲಿಲ್ಲ, ತಿಂಗಳು ಬದಲಾಗಿತ್ತು. ಧರ್ಮವನ್ನೇ ಹೆಸರಿನಲ್ಲಿ ಹೊತ್ತ ರಾಜ ಒಮ್ಮೆ ಸೋತ ಮೇಲೂ ಇನ್ನೊಮ್ಮೆ ಪಗಡೆಗೆ ಕೂತ ಕಥೆಯನ್ನು ಗದುಗಿನ ಸೀಮೆಯವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಪಗಡೆಯ ದಾಳ ಯಾರದ್ದಿತ್ತು ಎಂದು ಕೇಳುವುದನ್ನೂ ಆ ಕಥೆ ಮರೆತಿಲ್ಲ.

ಹಿಂದೆ ನಮ್ಮ ಸಂಯಮದ ಅರ್ಧ ಭಾಗವನ್ನು ಬ್ಯಾಂಕಿನ ಶಾಖೆಯೇ ಹೊತ್ತುಕೊಂಡಿತ್ತು ಎಂಬುದು ನನ್ನ ಅನುಭವದ ಮಾತು. ಠೇವಣಿ ಮುರಿಸಬೇಕಾದರೆ ಗ್ರಾಹಕ ರಸೀದಿ ಹುಡುಕಿ, ಬಸ್ಸು ಹತ್ತಿ ಬಂದು, ಹಿಂಭಾಗದಲ್ಲಿ ಸಹಿ ಹಾಕಿ, ಹಿತ್ತಾಳೆಯ ಟೋಕನ್ ಹಿಡಿದು ಅರ್ಧ ತಾಸು ಕೂರಬೇಕಿತ್ತು. ನಾವು ಕೌಂಟರಿನ ಒಳಗಿನಿಂದ “ಯಾಕ ಬೇಕಾತ್ರೀ ಇಷ್ಟ ರೊಕ್ಕ ಒಮ್ಮೆಲೆ?” ಎಂದು ಕೇಳುತ್ತಿದ್ದೆವು. ಅದು ಅಧಿಕಪ್ರಸಂಗವೂ ಹೌದು, ಕಾವಲೂ ಹೌದು. ಹುಬ್ಬಳ್ಳಿಯ ದುರ್ಗದಬೈಲಿನ ಅಂಗಡಿಕಾರರು ಸಂಜೆ ಪಿಗ್ಮಿ ಏಜೆಂಟನ ಕೈಗೆ ಹಣ ಕೊಡುತ್ತಿದ್ದುದು ಬಡ್ಡಿಯ ಆಸೆಗಲ್ಲ; ಗಲ್ಲಾದಲ್ಲಿ ಉಳಿದರೆ ತಮ್ಮ ಕೈಯೇ ತಮಗೆ ವೈರಿ ಎಂದು ಅವರಿಗೆ ಗೊತ್ತಿತ್ತು. ಇಂದು ಅದೇ ಠೇವಣಿಯನ್ನು ನಡುರಾತ್ರಿ ಹಾಸಿಗೆಯಲ್ಲಿ ಮಲಗಿಕೊಂಡೇ ಮುರಿಸಬಹುದು. ವೇಗ ಬಂದದ್ದು ಒಳ್ಳೆಯದೇ, 2016ರಲ್ಲಿ ಯುಪಿಐ ಶುರುವಾದಾಗ ಅದನ್ನು ಹೊಗಳಿ ಗ್ರಾಹಕರ ಫೋನಿಗೆ ಹಾಕಿಕೊಟ್ಟವರಲ್ಲಿ ನಾನೂ ಒಬ್ಬ. ಆದರೆ ಗಾಡಿಯ ವೇಗವನ್ನು ಹೆಚ್ಚಿಸಿದವರು ಬ್ರೇಕನ್ನು ಬಿಚ್ಚಿ ಗ್ರಾಹಕನ ಕೈಗೆ ಕೊಟ್ಟು, ನೀನೇ ಹಿಡಿದುಕೋ ಎಂದಿದ್ದಾರೆ.

ಹಿಡಿದುಕೊಳ್ಳಲಾಗದವನಿಗೆ ಪರಿಹಾರವೂ ಕಷ್ಟ. ಭಾರತೀಯ ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ಮೂರನೆಯವರ ಕೃತ್ಯದಿಂದ ಹೋದ ಹಣದ ಬಗ್ಗೆ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನಿಗೆ ಹೊಣೆಯಿಲ್ಲ. ಗ್ರಾಹಕನ ನಿರ್ಲಕ್ಷ್ಯದಿಂದ ಹೋದರೆ, ತಿಳಿಸುವವರೆಗಿನ ಸಂಪೂರ್ಣ ನಷ್ಟ ಅವನದೇ. ನನ್ನ ಅರ್ಜಿಯ ಮೇಲೆ ‘ನಿರ್ಲಕ್ಷ್ಯ’ ಎಂಬ ಒಂದೇ ಪದದ ಉತ್ತರ ಬಂತು. ಅದು ತಪ್ಪೆಂದು ನಾನು ವಾದ ಮಾಡುತ್ತಿಲ್ಲ, ಆ್ಯಪ್ ಹಾಕಿಕೊಂಡವನು ನಾನೇ. ಆದರೆ ಬ್ರಿಟನ್ನಿನಲ್ಲಿ 2024ರ ಅಕ್ಟೋಬರ್ 7ರಿಂದ, ಮೋಸಕ್ಕೆ ಸಿಕ್ಕಿ ಗ್ರಾಹಕನು ತಾನೇ ಕಳಿಸಿದ ಹಣವನ್ನೂ 85,000 ಪೌಂಡುಗಳವರೆಗೆ ಬ್ಯಾಂಕುಗಳು ತುಂಬಿಕೊಡಬೇಕಾಗಿದೆ. ಕಳಿಸಿದ ಬ್ಯಾಂಕು ಅರ್ಧ, ಕಳ್ಳನ ಖಾತೆಯಿದ್ದ ಬ್ಯಾಂಕು ಅರ್ಧ. ಗ್ರಾಹಕನು ಗಂಭೀರ ನಿರ್ಲಕ್ಷ್ಯ ತೋರಿದ್ದರೆ ಹಣ ತುಂಬಿಕೊಡುವುದರಿಂದ ಬ್ಯಾಂಕಿಗೆ ಅಲ್ಲಿಯೂ ವಿನಾಯಿತಿ ಉಂಟು, ಆದರೆ ದುರ್ಬಲ ಸ್ಥಿತಿಯಲ್ಲಿದ್ದ ಗ್ರಾಹಕರ ವಿರುದ್ಧ ಅದನ್ನು ಬಳಸುವಂತಿಲ್ಲ. ಸಂಶಯ ಬಂದ ಪಾವತಿಯನ್ನು ಹೆಚ್ಚುವರಿಯಾಗಿ 72 ತಾಸು ತಡೆಹಿಡಿಯುವ ಅಧಿಕಾರವನ್ನೂ ಅಲ್ಲಿನ ಬ್ಯಾಂಕುಗಳಿಗೆ ಕೊಟ್ಟಿದ್ದಾರೆ. ತನ್ನ ಗಂಟಿನಿಂದ ಅರ್ಧ ಕೊಡಬೇಕಾದ ಬ್ಯಾಂಕು ಬಾಡಿಗೆ ಖಾತೆಗಳನ್ನು ಎಷ್ಟು ಎಚ್ಚರದಿಂದ ಹುಡುಕೀತು ಎಂಬುದನ್ನು ಒಳಗಿದ್ದು ಬಂದ ನಾನು ಊಹಿಸಬಲ್ಲೆ.

ಲೀಡ್ ಬ್ಯಾಂಕ್ ವ್ಯವಸ್ಥಾಪಕರೇ, ಇಂಥ ನಿಯಮಗಳನ್ನು ಬದಲಿಸುವ ಅಧಿಕಾರ ತಮಗಿಲ್ಲವೆಂಬುದು ನನಗೆ ಗೊತ್ತು. ಆದರೆ ಜಿಲ್ಲೆಯ ಬ್ಯಾಂಕುಗಳೂ ಸರ್ಕಾರದ ಇಲಾಖೆಗಳೂ ಸೇರುವ ಜಿಲ್ಲಾ ಸಮಾಲೋಚನಾ ಸಮಿತಿಯ ಸಭೆಗೆ ವಿಷಯಪಟ್ಟಿ ಸಿದ್ಧವಾಗುವುದು ತಮ್ಮ ಮೇಜಿನ ಮೇಲೆ. ಕಾರ್ಡಿನ ಬಳಕೆಯನ್ನು ಗ್ರಾಹಕನೇ ತೆರೆದು ಮುಚ್ಚುವ, ಅದಕ್ಕೆ ಮಿತಿ ಹಾಕಿಕೊಳ್ಳುವ ಸೌಲಭ್ಯವನ್ನು ಬ್ಯಾಂಕುಗಳು ಕೊಡಬೇಕೆಂದು ರಿಸರ್ವ್ ಬ್ಯಾಂಕು 2020ರ ಜನವರಿಯಲ್ಲೇ ಆದೇಶಿಸಿತು. 2022ರ ಡಿಜಿಟಲ್ ಸಾಲದ ಮಾರ್ಗಸೂಚಿಯಲ್ಲಿ, ಸಾಲ ಪಡೆದವನು ಮನಸ್ಸು ಬದಲಾಯಿಸಿ ದಂಡವಿಲ್ಲದೆ ಹೊರಬರಲು ಒಂದು ಅವಧಿಯನ್ನೂ ಕೊಟ್ಟಿತು. ಮನುಷ್ಯನಿಗೆ ದುಡುಕಿನ ಗಳಿಗೆಗಳಿರುತ್ತವೆ, ಶಾಂತವಾಗಿದ್ದಾಗಿನ ಅವನ ತೀರ್ಮಾನಕ್ಕೆ ಹೆಚ್ಚು ಬೆಲೆ ಕೊಡಬೇಕು ಎಂಬುದನ್ನು ನಿಯಮಗಳು ಆಗಲೇ ಒಪ್ಪಿಕೊಂಡಿವೆ ಎಂದಾಯಿತು. ಅದೇ ದಾರಿಯಲ್ಲಿ, ಬಯಸಿ ಬರೆದುಕೊಟ್ಟ ಗ್ರಾಹಕರಿಗೆ ಮಾತ್ರ, ಹೊಸಬರಿಗೆ ಕಳಿಸುವ ಮೊದಲ ದೊಡ್ಡ ಪಾವತಿ ಕೆಲವು ತಾಸು ತಡವಾಗಿ ಹೋಗುವ ವ್ಯವಸ್ಥೆಯನ್ನು ಕೇಳುತ್ತಿದ್ದೇನೆ. ಠೇವಣಿಯನ್ನು ಫೋನಿನಲ್ಲಿ ಮುರಿಸದಂತೆ ಬೀಗ ಹಾಕುವ ಆಯ್ಕೆ ಇರಲಿ. ಒಂದು ಮೊತ್ತಕ್ಕಿಂತ ಹೆಚ್ಚಿನದಕ್ಕೆ ಮಗನೋ ಮಗಳೋ ತಂಗಿಯೋ ಒಪ್ಪಿಗೆ ಒತ್ತಬೇಕೆಂಬ ಏರ್ಪಾಟೂ ಇರಲಿ. ಕೆಲವು ಬ್ಯಾಂಕುಗಳಲ್ಲಿ ಇವುಗಳಲ್ಲಿ ಒಂದೋ ಎರಡೋ ಈಗಾಗಲೇ ಇವೆ. ಆ್ಯಪಿನ ಐದನೆಯ ಪರದೆಯಲ್ಲಿ, ಇಂಗ್ಲಿಷಿನಲ್ಲಿ, ಯಾರಿಗೂ ಕಾಣದ ಹಾಗೆ. ಪಿಂಚಣಿದಾರರು ನವೆಂಬರಿನಲ್ಲಿ ಜೀವಂತ ಪ್ರಮಾಣಪತ್ರ ಕೊಡಲು ಶಾಖೆಗೆ ಬರುತ್ತಾರೆ. ಆಗ ಒಬ್ಬ ಸಿಬ್ಬಂದಿ ಐದು ನಿಮಿಷ ಅವರ ಫೋನ್ ನೋಡಿ ಈ ಬೀಗಗಳನ್ನು ಹಾಕಿಕೊಟ್ಟರೆ ಹೊಸ ಸುತ್ತೋಲೆಯೂ ಬೇಡ, ಹೊಸ ಖರ್ಚೂ ಇಲ್ಲ.

ಆಯುಕ್ತರೇ, ತಮ್ಮಲ್ಲಿ ನನ್ನ ಕೋರಿಕೆ ಮೊದಲ ಪ್ರಶ್ನೆಗೆ ಸಂಬಂಧಿಸಿದ್ದು. ಹಣ ಕಳೆದುಕೊಂಡವನು ಯಾವ ಠಾಣೆಗೆ ಬಂದರೂ, ಯಾವ ಬ್ಯಾಂಕಿಗೆ ಹೋದರೂ, ಅವನಿಗೆ ಎದುರಾಗುವ ಮೊದಲ ಪ್ರಶ್ನೆ ‘ಎಷ್ಟು ಹೊತ್ತಾಯಿತು?’ ಎಂಬುದಾಗಲಿ. ‘ಯಾಕೆ ಕೊಟ್ಟಿರಿ?’ ಎಂಬುದು ತನಿಖೆಗೆ ಬೇಕಾದ ಪ್ರಶ್ನೆಯೇ, ಆದರೆ ಅದನ್ನು 1930ಕ್ಕೆ ಕರೆ ಹೋಗಿ ದೂರಿನ ಸಂಖ್ಯೆ ಬಂದ ಮೇಲೆ, ಒಂದು ಲೋಟ ನೀರು ಕೊಟ್ಟ ಮೇಲೆ ಕೇಳಬಹುದು. ನನ್ನ 16 ತಾಸುಗಳಲ್ಲಿ ಕಳ್ಳನ ಪಾಲು ಏನೂ ಇಲ್ಲ. ಬೈಗುಳದ ಭಯದಿಂದ ತಡವಾದ ಒಂದೊಂದು ತಾಸೂ ಕಳ್ಳನಿಗೆ ನಾವು ಉಚಿತವಾಗಿ ಕೊಟ್ಟ ಸಮಯ. ತಿಳಿವಳಿಕೆ ಸಭೆಗಳಲ್ಲಿ ‘ದುರಾಸೆ’ ಎಂಬ ಪದವನ್ನು ಒಂದು ವರ್ಷ ಬಿಟ್ಟು ನೋಡಿ, ದೂರುಗಳು ಬೇಗ ಬರುತ್ತವೆಯೇ ಎಂದು ಲೆಕ್ಕವಿಡಿ.

ಆ ಸಭೆಗಳ ರೂಪವೂ ಬದಲಾಗಲಿ. ನನಗೆ ಮಾಹಿತಿಯ ಕೊರತೆ ಇರಲಿಲ್ಲ, ರೂಢಿಯ ಕೊರತೆ ಇತ್ತು. ಬೆಂಕಿ ನಂದಿಸುವ ದಳದವರು ಶಾಲೆಗಳಲ್ಲಿ ಅಣಕು ಕವಾಯತು ಮಾಡಿಸುವ ಹಾಗೆ, ಸಭೆಯಲ್ಲೇ ಹತ್ತು ಜನರ ಫೋನಿಗೆ ಅಣಕು ಕರೆ ಮಾಡಿ, ಕರೆಯನ್ನು ಕತ್ತರಿಸುವುದನ್ನೂ, ಫೋನನ್ನು ಮೇಜಿನ ಮೇಲಿಟ್ಟು ಎದ್ದು ಇನ್ನೊಬ್ಬರ ಬಳಿ ಹೋಗಿ ಜೋರಾಗಿ ಹೇಳುವುದನ್ನೂ, ಪಾಸ್‌ಬುಕ್ಕಿನ ಅಥವಾ ಬಿಲ್ಲಿನ ಮೇಲಿರುವ ನಂಬರಿಗೇ ತಿರುಗಿ ಕರೆ ಮಾಡುವುದನ್ನೂ ಕೈಯಲ್ಲಿ ಮಾಡಿಸಬೇಕು. ನಮ್ಮ ಹಿರಿಯರಿಗೆ ಕರೆ ಕತ್ತರಿಸುವುದು ಅಸಭ್ಯತೆ ಎಂಬ ಭಾವನೆ ಆಳವಾಗಿದೆ. ಅದನ್ನು ಒಮ್ಮೆ ಮಾಡಿ ನೋಡಿದವರಿಗೆ ಎರಡನೆಯ ಸಲ ಕಷ್ಟವಾಗುವುದಿಲ್ಲ.

ಇನ್ನೊಂದು ಕೋರಿಕೆ ಇದೆ. ನಾನು ಓದಿದ ಅಧ್ಯಯನಗಳಲ್ಲಿ ಬಹುಪಾಲು ಅಮೆರಿಕದವು. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಅಪರಾಧಶಾಸ್ತ್ರ ವಿಭಾಗವಿದೆ, ಮನೋರೋಗಗಳ ಸಂಸ್ಥೆಯಾದ ಡಿಮ್ಹಾನ್ಸ್ ಇದೆ, ರಾಷ್ಟ್ರೀಯ ನ್ಯಾಯವಿಜ್ಞಾನ (ಫೊರೆನ್ಸಿಕ್) ವಿಶ್ವವಿದ್ಯಾಲಯದ ಆವರಣಕ್ಕೆ 2023ರ ಜನವರಿಯಲ್ಲಿ ಅಡಿಗಲ್ಲು ಬಿದ್ದಿದೆ. ದೂರು ಕೊಟ್ಟವರ ಹೆಸರು ಗುರುತುಗಳನ್ನು ತೆಗೆದು, ಅವರ ಒಪ್ಪಿಗೆಯೊಂದಿಗೆ, ಕೆಲವು ಸರಳ ಸಂಗತಿಗಳನ್ನು ಇವರೊಂದಿಗೆ ಹಂಚಿಕೊಳ್ಳಲು ಸಾಧ್ಯವೇ? ಕರೆ ಬಂದದ್ದು ದಿನದ ಯಾವ ಹೊತ್ತಿನಲ್ಲಿ, ಮನೆಯಲ್ಲಿ ಆಗ ಯಾರಿದ್ದರು, ಆ ವಾರ ಕಾಯಿಲೆಯೋ ಸಾವೋ ಮದುವೆಯೋ ಇತ್ತೇ, ಮೋಸಹೋದವರು ಅದನ್ನು ಮೊದಲು ಯಾರಿಗೆ ಹೇಳಿದರು, ಎಷ್ಟು ತಾಸಿನ ಮೇಲೆ ಹೇಳಿದರು. ಸಂಜೆ ಏಳರಿಂದ ಒಂಬತ್ತರ ನಡುವೆ ಹಿರಿಯರು ಹೆಚ್ಚು ಸಿಗುತ್ತಾರೆ ಎಂದು ಈ ಲೆಕ್ಕದಿಂದ ತಿಳಿದರೆ, ಬ್ಯಾಂಕುಗಳು ಆ ಎರಡು ತಾಸು ತಮ್ಮ ತಡೆಯನ್ನು ಬಿಗಿ ಮಾಡಬಹುದು. ಮೊದಲು ಯಾರಿಗೆ ಹೇಳುತ್ತಾರೆ ಎಂದು ತಿಳಿದರೆ, ತಿಳಿವಳಿಕೆಯ ಸಭೆಗೆ ಯಾರನ್ನು ಕರೆಯಬೇಕೆಂಬುದೂ ತಿಳಿಯುತ್ತದೆ.

ನನ್ನ ಪ್ರಕರಣದ ಕಾಗದಗಳು, ಕರೆಯ ದಾಖಲೆ, ಆ ಸಂಜೆಯ 11 ನಿಮಿಷಗಳಲ್ಲಿ ನಡೆದದ್ದನ್ನು ನೆನಪಿದ್ದಷ್ಟು ಬರೆದಿಟ್ಟ ನಾಲ್ಕು ಪುಟಗಳು ನನ್ನ ಬಳಿ ಇವೆ. ಅಂಥ ಅಧ್ಯಯನ ಶುರುವಾದರೆ ಅವುಗಳನ್ನು ಮೊದಲ ಕಡತವಾಗಿ ಕೊಡಲು ಒಪ್ಪುತ್ತೇನೆ. ಮುಂದಿನ ತಿಂಗಳು ನಮ್ಮ ಬಡಾವಣೆಯಲ್ಲಿ ಮತ್ತೊಂದು ತಿಳಿವಳಿಕೆ ಸಭೆಯಿದೆ. ಭಾಷಣಕಾರರ ನಂತರ ಹತ್ತು ನಿಮಿಷ ನನಗೂ ಕೊಡಬೇಕೆಂದು ಸಂಘಟಕರನ್ನು ಕೇಳಿದ್ದೇನೆ, ಅವರು ಒಪ್ಪಿದ್ದಾರೆ. ತಮ್ಮ ಇಲಾಖೆಯಿಂದಲೂ ಬ್ಯಾಂಕುಗಳಿಂದಲೂ ಒಬ್ಬೊಬ್ಬರು ಬಂದು ಕೇಳಿದರೆ ನನಗೆ ಹೇಳಲು ಧೈರ್ಯ ಬರುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ
ಧಾರವಾಡ